ಮುಧೋಳದಲ್ಲಿ ಮಳೆ ನಿಲ್ಲುವತನಕ

ವಿಜಯಪುರದಿಂದ ಜಮಖಂಡಿಯ ಮಾರ್ಗವಾಗಿ ಧಾರವಾಡಕ್ಕೆ ಸಾಗುವವರಿಗೆ ಮುಧೋಳವು ತಲಪುವ ಊರಲ್ಲ, ದಾಟುವ ಊರು. ಆಗಸ್ಟಿನ ಒಂದು ಅಪರಾಹ್ನ ಹಾಗೆ ದಾಟಲೆಂದು ಬಂದ ಕುಟುಂಬವೊಂದನ್ನು ಮಳೆ ತಡೆದು ನಿಲ್ಲಿಸಿತು. ಮುಂದೆ ಘಟಪ್ರಭೆ. ನೀರು ಸೇತುವೆಯನ್ನು ಮುಟ್ಟೀತೆಂಬ ಸುದ್ದಿ ಪೇಟೆಯಲ್ಲಿ ಹಬ್ಬಿತ್ತು. ಕಾರನ್ನು ಬದಿಗಿರಿಸಿ ಎಲ್ಲರೂ ಚಹದಂಗಡಿಯ ಮಾಡಿನ ಕೆಳಗೆ ಸೇರಿದರು. ಯಜಮಾನರು ಮತ್ತೆ ಮತ್ತೆ ಗಡಿಯಾರ ನೋಡುತ್ತ ಮಳೆಯನ್ನು ಶಪಿಸತೊಡಗಿದರು.

“ಈ ಮಳಿಗ್ಯಾಕ ಬೈತೀರಿ? ಹೊಳಿ ಏರೂದು ಘಟ್ಟದ ಮಳಿಯಿಂದ” ಎಂದನು ಪಕ್ಕದಲ್ಲಿದ್ದ ವೃದ್ಧ ರೈತ. ಮಾತು ನಿಜ. ಮುಧೋಳದ್ದು ಮಳೆ ಕಡಮೆಯ ಸೀಮೆ. ಸಹ್ಯಾದ್ರಿಯಲ್ಲಿ ಹುಟ್ಟಿ, ಹಿಡಕಲ್ ಜಲಾಶಯದಲ್ಲಿ ತಂಗಿ, ಗೋಕಾಕದಲ್ಲಿ ಧುಮುಕಿ ಬರುವ ನದಿಯೇ ಇಲ್ಲಿಯ ಕಬ್ಬಿಗೆ ಜೀವ.

ರೈತನ ಕಾಲ ಬಳಿ ನೀಳಕಾಯದ ನಾಯಿಯೊಂದು ಮಲಗಿತ್ತು. ಇಲ್ಲಿಯ ಘೋರ್ಪಡೆ ಅರಸರು ಪೋಷಿಸಿದ ಆ ತಳಿ 2005ರಲ್ಲಿ ಅಂಚೆಚೀಟಿಯನ್ನೂ ಏರಿತೆಂದು ತಿಳಿದ ಹುಡುಗನು ಅದರ ಬೆನ್ನು ಸವರಿದನು. ತಾಯಿಗೆ ಊರಿನ ಮತ್ತೊಂದು ಹೆಸರು ನೆನಪಾಯಿತು. ಹತ್ತನೆಯ ಶತಮಾನದಲ್ಲಿ ಈ ಊರಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ ಕಥೆಯನ್ನು ಆಕೆ ಮಗನಿಗೆ ಹೇಳಿದಳು. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿರುವನು, ಭೀಮನ ಗರ್ಜನೆ ಕಿವಿಗೆ ಬಿದ್ದೊಡನೆ ನೀರಿನ ನಡುವೆಯೂ ಬೆವರುವನು.

“ನೀರಾಗ ಹ್ಯಾಂಗ ಬೆವರತಾನ?” ಎಂದು ಹುಡುಗ ನಕ್ಕನು.

ರೈತ ನಗಲಿಲ್ಲ. “2019ರಾಗ ನಾವೂ ಬೆವತೀವಿ, ತಮ್ಮಾ” ಎಂದನು. ಆ ಆಗಸ್ಟಿನಲ್ಲಿ ಘಟಪ್ರಭೆ ದಡ ಮೀರಿದಾಗ ಸೇತುವೆಯ ಬಳಿಯ ಅವನ ಎರಡೆಕರೆ ಕಬ್ಬು ನಿಂತಲ್ಲೇ ಕೊಳೆಯಿತು. ಸೊಂಟಮಟ್ಟದ ನೀರಿನಲ್ಲಿ ನಿಂತು ಎತ್ತುಗಳನ್ನು ಬಿಚ್ಚಿ ಹೊರಗಟ್ಟಿದ್ದನಂತೆ. ಈಗಲೂ ಅದೇ ಹೊಲ, ಅದೇ ಬೆಳೆ. ಬೇರೆಡೆ ಅವನಿಗೆ ನೆಲವಿಲ್ಲ.

ಯಜಮಾನರು ಮತ್ತೆ ಮಾತಾಡಲಿಲ್ಲ; ಇನ್ನೊಂದು ಬಟ್ಟಲು ಚಹ ತರಿಸಿ ರೈತನ ಮುಂದಿಟ್ಟರು.

ಸಂಜೆಗೆ ಮಳೆ ನಿಂತಿತು. ಸೇತುವೆ ತೆರೆದಿದೆಯೆಂದು ಲಾರಿಯವರು ತಿಳಿಸಿದರು. ಕುಟುಂಬ ಹೊರಟಿತು. ಕೆಂಪು ನೀರು ಕೆಳಗೆ ಭೋರ್ಗರೆಯುತ್ತಿತ್ತು. ಸೇತುವೆ ದಾಟಿದ ಯಜಮಾನರು ಕಾರನ್ನು ನಿಲ್ಲಿಸಿ, ಇಳಿದು, ದಡದ ಕಡೆ ನೋಡಿದರು. ಕಬ್ಬಿನ ಬುಡಕ್ಕೆ ನೀರು ಬಂದಿತ್ತು. ಗರಿಗಳು ಇನ್ನೂ ಮೇಲೆಯೇ ಇದ್ದವು.