ಅಬ್ಬಾ ಮಾರ್ಕರ್ ಆಗಿದ್ದರು

ಕಳೆದ ರಮಝಾನಿಗೆ ಮುಂಚಿನ ಮಾತು. ಮನೆ ಸ್ವಚ್ಛಗೊಳಿಸುತ್ತಾ ಮಗನ ಕೋಣೆಯ ಬಾಗಿಲ ಹಿಂದೆ ಪೊರಕೆ ಹಾಕಿದೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಟ್ಟ ಉದ್ದನೆಯದೇನೋ ಉರುಳಿ ಬಿತ್ತು. ಬಿಚ್ಚಿ ನೋಡಿದರೆ ಪೂಲ್ ಆಡುವ ಕ್ಯೂ ಕೋಲು. ತುದಿಯ ಬಿಳಿ ಫೆರುಲ್ ಬಿರುಕು ಬಿಟ್ಟಿತ್ತು. ಅದರ ಮೇಲಿನ ಚರ್ಮದ ಬಿಲ್ಲೆ ಅರ್ಧ ಕಿತ್ತು ಬಂದಿತ್ತು. ಒಂದು ಗೇಣು ಕೆಳಗೆ ಮರಕ್ಕೆ ಪೆಟ್ಟು ಬಿದ್ದು ತಗ್ಗಾಗಿತ್ತು. ಕೈಜಾರಿ ಬಿದ್ದು ಆದ ಏಟಲ್ಲ ಅದು. ಸಿಟ್ಟಿನಲ್ಲಿ ಯಾರೋ ಮೇಜಿನ ಅಂಚಿಗೆ ಬಡಿದದ್ದು ಎಂದು ನೋಡಿದ ಕೂಡಲೇ ಗೊತ್ತಾಯಿತು.

ಅಡುಗೆ ಮನೆಯಲ್ಲೇ ಅರ್ಧ ಆಯುಷ್ಯ ಕಳೆದ ನನಗೆ ಅದು ಹೇಗೆ ಗೊತ್ತಾಯಿತು ಎಂದು ನೀವು ಕೇಳಬಹುದು. ಅದಕ್ಕೆ ನನ್ನ ತಂದೆಯ ವಿಷಯ ಹೇಳಬೇಕು.

ಅಬ್ಬಾ ಬೆಂಗಳೂರಿನ ಒಂದು ಹಳೆಯ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಮಾರ್ಕರ್ ಆಗಿದ್ದರು. 1968ರಲ್ಲಿ ಸೇರಿದವರು 2004ರಲ್ಲಿ ನಿವೃತ್ತರಾದರು. ಮಾರ್ಕರ್ ಎಂದರೆ ಆಟಗಾರರ ಅಂಕಗಳನ್ನು ಗೋಡೆಯ ಹಲಗೆಯಲ್ಲಿ ಏರಿಸುವವನು. ಆದರೆ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಗುಂಡಿಗೆ ಬಿದ್ದ ಚೆಂಡುಗಳನ್ನು ತೆಗೆದಿಡಬೇಕು. ಮೇಜಿನ ಹಸಿರು ಬಟ್ಟೆಯನ್ನು ಬ್ರಷ್ ಮಾಡಿ ಇಸ್ತ್ರಿ ಹಾಕಬೇಕು. ಜೊತೆಗಾರರಿಲ್ಲದೆ ಒಬ್ಬರೇ ಬಂದ ಸದಸ್ಯರೊಂದಿಗೆ ಆಡಬೇಕು. ಹೊಸಬರಿಗೆ ಕಲಿಸಲೂ ಬೇಕು. ಇದೆಲ್ಲದರ ಮೇಲೆ ಕ್ಯೂ ಕೋಲುಗಳ ರಿಪೇರಿ.

ಈ ಆಟಗಳು ಪರದೇಶದವು ಎಂದೇ ನಾವು ತಿಳಿಯುತ್ತೇವೆ. ಬಿಲಿಯರ್ಡ್ಸ್ ಹಾಗೆ ಬಂದದ್ದು ನಿಜ. ಆದರೆ ಸ್ನೂಕರ್ ಹುಟ್ಟಿದ್ದು ನಮ್ಮ ಜಬಲ್‌ಪುರದಲ್ಲಿ, 1875ರಲ್ಲಿ, ಬ್ರಿಟಿಷ್ ಸೈನ್ಯಾಧಿಕಾರಿಗಳ ಮೆಸ್ಸಿನಲ್ಲಿ. ಅದರ ನಿಯಮಗಳು ರೂಪುಗೊಂಡದ್ದು ಇಲ್ಲೇ ಪಕ್ಕದ ಊಟಿಯ ಕ್ಲಬ್ಬಿನಲ್ಲಿ. ಅಬ್ಬಾ ಇದನ್ನು ಹೇಳುವಾಗ ಅವರ ಮುಖ ಅರಳುತ್ತಿತ್ತು. 1958ರಲ್ಲಿ ಕಲ್ಕತ್ತಾದಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದದ್ದನ್ನು ನಮ್ಮ ಸಂಬಂಧಿಕರೇ ಯಾರೋ ಗೆದ್ದಂತೆ ಹೇಳುತ್ತಿದ್ದರು.

ರಾತ್ರಿ ಮನೆಗೆ ಬರುವಾಗ ಎರಡು ಮೂರು ಕೋಲುಗಳನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಊಟದ ನಂತರ ಚಾಪೆ ಹಾಸಿ ಕುಳಿತರೆ ದೀಪ ಹಿಡಿಯುವ ಕೆಲಸ ನನ್ನದು. ಹತ್ತು ವರ್ಷವಾದಾಗ ಸ್ಯಾಂಡ್‌ಪೇಪರ್ ನನ್ನ ಕೈಗೂ ಬಂತು. ಆಶ್ ಮರದ ಕೋಲಿನ ಮೇಲೆ ಬಾಣದ ಮೊನೆಗಳಂತೆ ಒಂದರ ಹಿಂದೆ ಒಂದು ಗೆರೆಗಳು ಓಡುವುದನ್ನು, ಮೇಪಲ್ ಮರದಲ್ಲಿ ಗೆರೆಗಳು ಕಂಡೂ ಕಾಣದಂತಿರುವುದನ್ನು ಅಬ್ಬಾ ಅಲ್ಲೇ ತೋರಿಸಿದರು. ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ಅಂಗೈ ಬಿಸಿಯಾಗುವವರೆಗೆ ಉಜ್ಜುವುದನ್ನು ಕಲಿಸಿದರು. ಆದರೆ ಕ್ಲಬ್ಬಿನ ಒಳಗೆ ನಾನು ಕಾಲಿಟ್ಟವಳಲ್ಲ. ನೂರಾರು ಕೋಲುಗಳನ್ನು ಉಜ್ಜಿದರೂ ಒಂದೇ ಒಂದು ಚೆಂಡನ್ನೂ ಹೊಡೆದಿರಲಿಲ್ಲ.

1999ರಲ್ಲಿ ನನಗೆ ಸಂಬಂಧ ಕೂಡಿಬಂತು. ಹುಡುಗನ ಕಡೆಯವರು ಬಂದು ಕುಳಿತರು. ಹೆಂಗಸರ ನಡುವೆ ಒಬ್ಬರು, “ನಿನ್ನ ಅಬ್ಬಾ ಏನು ಮಾಡ್ತಾರಮ್ಮಾ?” ಎಂದು ಕೇಳಿದರು. ಕ್ಲಬ್ಬು, ಬಿಲಿಯರ್ಡ್ಸ್ ಎಂದರೆ ಜೂಜು, ಕುಡಿತ ಎಂದೇ ಜನ ತಿಳಿಯುತ್ತಿದ್ದ ಕಾಲ. ನಾನು ಒಂದು ಕ್ಷಣ ತಡವರಿಸಿ, “ಮರದ ಕೆಲಸ” ಎಂದುಬಿಟ್ಟೆ.

ಪರದೆಯ ಆಚೆಗೆ ಅಬ್ಬಾ ಕುಳಿತಿದ್ದರು. ಕೇಳಿಸಿಕೊಂಡರು. ಅವರೆಲ್ಲ ಹೋದ ಮೇಲೆ ನನ್ನ ಮುಖ ನೋಡಿ, “ಸುಳ್ಳೇನಲ್ಲ ಬೇಟಾ, ಮರದ ಕೆಲಸವೇ ತಾನೇ” ಎಂದರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ. ಆ ಮಾತು ಇಷ್ಟು ವರ್ಷ ನನ್ನ ಜೊತೆಗೇ ಬಂತು. ನನ್ನವರಿಗೆ ನಿಜ ವಿಷಯ ಮದುವೆಯಾದ ತಿಂಗಳೊಳಗೇ ಹೇಳಿದೆ. ಅವರು ನಕ್ಕು ಸುಮ್ಮನಾದರು. ಆದರೆ ಅತ್ತೆಯ ಮನೆಯ ಉಳಿದವರಿಗೆ ಅಬ್ಬಾ ಬಡಗಿಯಾಗಿಯೇ ಉಳಿದರು.

ಈಗ ಮಗನ ವಿಷಯಕ್ಕೆ ಬರುತ್ತೇನೆ. ಸಂಜೆ ಅವನು ಬಂದಾಗ ಕೋಲನ್ನು ಮೇಜಿನ ಮೇಲಿಟ್ಟು ಕಾದಿದ್ದೆ. ಮೊದಲು “ಗೆಳೆಯನದ್ದು” ಎಂದ. ಆಮೇಲೆ ತಲೆ ತಗ್ಗಿಸಿದ. ಕಾಲೇಜಿನ ಹತ್ತಿರ ಒಂದು ಪೂಲ್ ಪಾರ್ಲರ್ ಇದೆಯಂತೆ. ಕೊನೆಗೆ ಹಾಕಬೇಕಾದ ಎಂಟನೇ ನಂಬರಿನ ಕಪ್ಪು ಚೆಂಡು ಇವನ ಕೈಯಿಂದ ನಡುವೆಯೇ ಗುಂಡಿಗೆ ಬಿದ್ದಿತ್ತು. ಹಾಗೆ ಬಿದ್ದರೆ ಆಟ ಅಲ್ಲಿಗೇ ಸೋತಂತೆ. ಸೋತವನು ಟೇಬಲ್ಲಿನ ಬಾಡಿಗೆಯ ಜೊತೆ ಐನೂರು ರೂಪಾಯಿ ಕೊಡಬೇಕೆಂದು ಮಾತಾಗಿತ್ತು. ಸಿಟ್ಟಿನಲ್ಲಿ ಕೋಲು ಬಡಿದಿದ್ದ. ಪಾರ್ಲರಿನವರು, “ಸರಿ ಮಾಡಿಸಿ ತಾ, ಇಲ್ಲವೇ ಹಣ ಕೊಡು” ಎಂದಿದ್ದರು.

ನನ್ನವರು ಕೇಳಿ ಕೆಂಡವಾದರು. “ಇನ್ನು ಆ ಕಡೆ ಕಾಲಿಟ್ಟರೆ ನೋಡು” ಎಂದರು. ನಾನು ಏನೂ ಹೇಳಲಿಲ್ಲ. ಮಾರನೆಯ ದಿನ ಭಾನುವಾರ. ಮಗನನ್ನೂ ಕೋಲನ್ನೂ ಕರೆದುಕೊಂಡು ಅಬ್ಬಾನ ಮನೆಗೆ ಹೋದೆ.

ಅಬ್ಬಾನಿಗೆ ಈಗ ಎಂಬತ್ತರ ಹತ್ತಿರ. ಕಣ್ಣು ಮಂದ, ಕೈ ನಡುಗುತ್ತದೆ. ಕೋಲನ್ನು ಕೈಗೆ ಕೊಟ್ಟೆ. ಬುಡದಿಂದ ತುದಿಯವರೆಗೆ ಬೆರಳಾಡಿಸಿದರು. ತಗ್ಗಾದ ಕಡೆ ಬೆರಳು ನಿಂತಿತು. “ಯಾರು ಹೊಡೆದದ್ದು?” ಎಂದರು. “ನಾನು, ನಾನಾ” ಎಂದ ಮಗ. ಅಬ್ಬಾ ಬೇರೇನೂ ಕೇಳಲಿಲ್ಲ. ಕೋಲನ್ನು ಮೇಜಿನ ಮೇಲೆ ಉರುಳಿಸಲು ಹೇಳಿದರು. ನೇರವಾದ ಕೋಲು ಸದ್ದಿಲ್ಲದೆ ಉರುಳುತ್ತದೆ, ಬಾಗಿದ್ದು ತಟತಟ ಎನ್ನುತ್ತದೆ. ಕಿವಿಗೊಟ್ಟು ಕೇಳಿ, “ಬಾಗಿಲ್ಲ, ಬದುಕಿತು” ಎಂದರು. ಬಾಗಿದ್ದರೆ ಏನು ಮಾಡುವುದು ಎಂದು ಮಗ ಕೇಳಿದ. “ಶಾಖ ಕೊಟ್ಟು ನೇರ ಮಾಡುವವರಿದ್ದಾರೆ. ಮಳೆಗಾಲ ಬಂದರೆ ಮರ ತನ್ನ ದಾರಿ ತಾನು ಹಿಡಿಯುತ್ತದೆ” ಎಂದರು.

ಕೆಲಸ ನಾನು ಮಾಡಿದೆ. ಅಬ್ಬಾ ಹೇಳುತ್ತಾ ಹೋದರು. ಮೊದಲು ತಗ್ಗು. ಒದ್ದೆ ಬಟ್ಟೆಯ ತುಂಡನ್ನು ಅದರ ಮೇಲಿಟ್ಟು ಬಿಸಿ ಇಸ್ತ್ರಿ ಪೆಟ್ಟಿಗೆಯ ಮೂತಿಯಿಂದ ಮೆಲ್ಲಗೆ ಒತ್ತಿದೆ. ಹಬೆ ಒಳಗೆ ಹೋಗಿ, ಅಮುಕಿಹೋದ ಮರದ ನಾರು ಉಬ್ಬಿ ಮೇಲೆ ಬರುತ್ತದೆ. ನಾಲ್ಕು ಸಲ ಹಾಗೆ ಮಾಡಿದ ಮೇಲೆ ಬೆರಳಿಗೆ ತಗ್ಗು ಸಿಗಲಿಲ್ಲ. ಕಣ್ಣಿಗೆ ಮಾತ್ರ ಸಣ್ಣ ಕಲೆ ಉಳಿಯಿತು.

ಆಮೇಲೆ ಫೆರುಲ್. ಅಬ್ಬಾನ ತಗಡಿನ ಡಬ್ಬಿಯಲ್ಲಿ ಸ್ನೂಕರ್ ಕೋಲಿನ ಹಿತ್ತಾಳೆಯ ಫೆರುಲ್‌ಗಳಿದ್ದವು. ಅವು ಸಣ್ಣವು. ಸ್ನೂಕರ್ ಕೋಲಿನ ತುದಿ ಒಂಬತ್ತೂವರೆ, ಹತ್ತು ಮಿಲಿಮೀಟರ್ ಇದ್ದರೆ ಪೂಲ್ ಕೋಲಿನದ್ದು ಹದಿಮೂರರ ಹತ್ತಿರ. ಪೂಲ್ ಚೆಂಡು ದೊಡ್ಡದು, 57 ಮಿಲಿಮೀಟರ್, ತೂಕವೂ ಹೆಚ್ಚು. ಅದಕ್ಕೆ ತಕ್ಕಂತೆ ಕೋಲಿನ ತುದಿಯೂ ದಪ್ಪ. ಮಗ ಆಟದ ಸಾಮಾನಿನ ಅಂಗಡಿಗೆ ಓಡಿ ಅಳತೆಯದ್ದನ್ನು ತಂದ. ಮರಕ್ಕೆ ಗೀರು ಬೀಳದಂತೆ ಟೇಪ್ ಸುತ್ತಿ, ಒಡೆದ ಫೆರುಲ್ ಕತ್ತರಿಸಿ ತೆಗೆದೆವು. ಹೊಸದನ್ನು ಮೊದಲು ಅಂಟಿಲ್ಲದೆ ಕೂರಿಸಿ ನೋಡಿ, ಆಮೇಲೆ ಅಂಟು ಹಾಕಿ, ಮರದ ಮಟ್ಟಕ್ಕೆ ಉಜ್ಜಿದೆವು.

ಕೊನೆಗೆ ಚರ್ಮದ ಟಿಪ್. ಹಿಂದೆ ಕೋಲಿಗೆ ಇದಿರಲಿಲ್ಲವಂತೆ, ಬರಿಯ ಮರದಲ್ಲೇ ಆಡುತ್ತಿದ್ದರಂತೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮಿಂಗೊ ಎಂಬ ಫ್ರೆಂಚ್ ಸೇನಾಧಿಕಾರಿ ಸೆರೆಯಲ್ಲಿದ್ದಾಗ ಚರ್ಮದ ತುದಿಯ ಪ್ರಯೋಗ ಮಾಡಿದನೆಂದು ಹೇಳುತ್ತಾರೆ. ಚರ್ಮ ಚೆಂಡನ್ನು ಕ್ಷಣಕಾಲ ಹಿಡಿಯುತ್ತದೆ. ಚೆಂಡನ್ನು ತಿರುಗಿಸುವುದು, ಹಿಂದಕ್ಕೆ ತರುವುದು ಎಲ್ಲ ಆ ಹಿಡಿತದಿಂದ. ಚಾಕ್ ಹಚ್ಚುವುದೂ ಅದಕ್ಕೇ. ಇಲ್ಲವಾದರೆ ತುದಿ ಜಾರುತ್ತದೆ.

ಫೆರುಲ್‌ನ ಮೇಲ್ಭಾಗ ಸ್ವಲ್ಪವೂ ಓರೆಯಿರಬಾರದು. ಟಿಪ್‌ನ ಬೆನ್ನನ್ನು ಉಜ್ಜಿ ಒರಟು ಮಾಡಿ ಅಂಟಿಸಿ, ರಬ್ಬರ್ ಬ್ಯಾಂಡ್ ಬಿಗಿದು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಕೋಲನ್ನು ತಲೆಕೆಳಗಾಗಿ ಹಲಗೆಯ ಮೇಲೆ ಒತ್ತಿ, ಹೊರಗೆ ಚಾಚಿದ ಚರ್ಮವನ್ನು ಬ್ಲೇಡಿನಿಂದ ಸುತ್ತಲೂ ಕತ್ತರಿಸಿದೆ. ಇನ್ನು ಗುಮ್ಮಟದ ಆಕಾರ ಕೊಡಬೇಕು. ಅಬ್ಬಾ ಡಬ್ಬಿಯಿಂದ ಹಳೆಯ ಎಂಟಾಣೆ ನಾಣ್ಯ ತೆಗೆದುಕೊಟ್ಟರು. ಅದರ ಅಂಚಿನ ಬಾಗು ಟಿಪ್‌ಗೆ ಹೊಂದುವವರೆಗೆ ಉಜ್ಜಬೇಕು. ನನ್ನ ಬಾಲ್ಯದಿಂದಲೂ ಅವರ ಅಳತೆ ಅದೇ.

ಉಜ್ಜುತ್ತಿರುವಾಗ ಅಬ್ಬಾ ಮಗನಿಗೆ ಹೇಳಿದರು: “ಕ್ಲಬ್ಬಿನಲ್ಲಿ ಪಂದ್ಯ ಕಟ್ಟುವವರಿದ್ದರು. ಗೆದ್ದವರು ಆ ಹಣದಿಂದ ನನಗೆ ಇನಾಮು ಕೊಡಲು ಬರುತ್ತಿದ್ದರು. ಒಂದು ಪೈಸೆ ಮುಟ್ಟಲಿಲ್ಲ. ಹರಾಮ್ ಅನ್ನುವುದು ಒಂದು. ಇನ್ನೊಂದು, ಹಣ ಕಟ್ಟಿದ ದಿನ ಒಬ್ಬನೂ ಚೆನ್ನಾಗಿ ಆಡಿದ್ದನ್ನು ನಾನು ಕಾಣೆ. ಕಣ್ಣು ಚೆಂಡಿನ ಮೇಲಿರುವುದಿಲ್ಲ, ಜೇಬಿನ ಮೇಲಿರುತ್ತದೆ.” ಮಗ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಅಮ್ಮಿ, ನಾನು ಉಜ್ಜಲಾ?” ಎಂದ.

ಆ ದಿನ ಅಬ್ಬಾ ಒಂದು ಹಳೆಯ ಫೈಲ್ ತೆಗೆಸಿದರು. ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳು. ಬಾಲ್ಯದ ಕೆಲವು ವರ್ಷ ಕುವೈತಿನಲ್ಲಿದ್ದು ಬೆಂಗಳೂರಿಗೆ ಬಂದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದಾಗ ಬಂದದ್ದು. ಆಗ ಅವರಿಗೆ ಹದಿನೆಂಟು ವರ್ಷ, ನನ್ನ ಮಗನ ಈಗಿನ ವಯಸ್ಸು. ಅದರ ಕೆಳಗೆ ಮತ್ತೊಂದು: ಕರ್ನಾಟಕದ ಚಿತ್ರಾ ಮಗಿಮೈರಾಜ್ 2006ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದದ್ದು. ಅಬ್ಬಾ ಅದನ್ನು ನನ್ನ ಕಡೆ ಸರಿಸಿ, “ನಿನ್ನನ್ನು ಒಂದು ದಿನವಾದರೂ ಆಡಿಸಬೇಕಿತ್ತು ಬೇಟಾ” ಎಂದರು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಕಣ್ಣೊರೆಸಿಕೊಳ್ಳಲು ಬೇರೆ ನೆವವಿರಲಿಲ್ಲ.

ಕೋಲನ್ನು ಪಾರ್ಲರಿಗೆ ಕೊಡಲು ಮಗನ ಜೊತೆ ನಾನೂ ಹೋದೆ. ಎಂತಹ ಸ್ಥಳ ಎಂದು ನೋಡಬೇಕಿತ್ತು. ಮಧ್ಯಾಹ್ನದ ಹೊತ್ತು, ಯಾರೂ ಇರಲಿಲ್ಲ. ಮಾಲೀಕರು ಕೋಲನ್ನು ತಿರುಗಿಸಿ ನೋಡಿ, “ಯಾರು ಮಾಡಿದ್ದು?” ಎಂದರು. “ನಮ್ಮಮ್ಮಿ” ಎಂದ ಮಗ. ಅವರಿಗೆ ನಂಬಿಕೆ ಬರಲಿಲ್ಲ. ಮಗ ಬಿಳಿ ಚೆಂಡನ್ನು ಮುಂದಿಟ್ಟು, “ಒಂದು ಹೊಡೆಯಿರಿ ಅಮ್ಮಿ” ಎಂದ. ನಾಚಿಕೆಯಾಯಿತು. ಆದರೂ ಬುರ್ಖಾದ ತೋಳು ಮೇಲೆಳೆದುಕೊಂಡು ಬಾಗಿ ಹೊಡೆದೆ. ಚೆಂಡು ಎಲ್ಲಿಗೋ ಹೋಯಿತು. ಆದರೆ ಸದ್ದು ಸರಿಯಾಗಿತ್ತು. ಟಿಪ್ ಸರಿಯಾಗಿ ಕೂತರೆ ಮೊಂಡಾದ, ತುಂಬಿದ ಸದ್ದು ಬರುತ್ತದೆ. ಸಡಿಲವಿದ್ದರೆ ಒಡಕು ಸದ್ದು. ಮನೆಗೆ ಬಂದು ಅಬ್ಬಾನಿಗೆ ಫೋನಿನಲ್ಲಿ ಹೇಳಿದ್ದು ಅದನ್ನೇ.

ಮಗ ಪೂಲ್ ಬಿಟ್ಟಿಲ್ಲ. ವಾರಕ್ಕೆ ಎರಡು ದಿನ, ನಮಾಝಿಗೂ ಓದಿಗೂ ಅಡ್ಡಿಯಾಗದಂತೆ, ಹಣ ಕಟ್ಟದೆ, ಬಾಡಿಗೆಯನ್ನು ಗೆಳೆಯರೆಲ್ಲ ಸಮನಾಗಿ ಹಂಚಿಕೊಂಡು ಆಡುವುದೆಂದು ಅವನ ತಂದೆಯೊಡನೆ ಒಪ್ಪಂದವಾಗಿದೆ. ಒಂದೆರಡು ಬಾರಿ ತಡವಾಗಿ ಬಂದು ಬೈಸಿಕೊಂಡಿದ್ದಾನೆ. ಭಾನುವಾರ ಮಾತ್ರ ನಾನಾನ ಮನೆ ತಪ್ಪಿಸುವುದಿಲ್ಲ. ಪಾರ್ಲರಿನವರು ಇನ್ನೂ ನಾಲ್ಕು ಕೋಲು ಕಳಿಸಿದ್ದಾರೆ.

ಮೊನ್ನೆ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅದೇ ಹಳೆಯ ಪ್ರಶ್ನೆ ಬಂತು. ಹುಡುಗನ ಅಜ್ಜಿ, “ನಿಮ್ಮ ಅಬ್ಬಾ ಏನು ಮಾಡ್ತಿದ್ದರಮ್ಮಾ?” ಎಂದರು. ಅತ್ತೆಯೂ ಪಕ್ಕದಲ್ಲೇ ಇದ್ದರು.

“ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಮಾರ್ಕರ್ ಆಗಿದ್ದರು” ಎಂದೆ.

ಅಜ್ಜಿಗೆ ಅರ್ಥವಾಗಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡಿದರು. ಅದನ್ನು ವಿವರಿಸಲು ಹತ್ತು ನಿಮಿಷ ಬೇಕಾಯಿತು. ಕುರ್ಚಿಯಲ್ಲಿ ಕುಳಿತಿದ್ದ ಅಬ್ಬಾ ನಡುವೆ ಎರಡು ಕಡೆ ನನ್ನನ್ನು ತಿದ್ದಿದರು.