ಡಾಲ್ಫಿನ್ ಡೈರಿ, ಭಾಗ 4: ತುಕ್ಕು ತಿಂದ ಚಕ್ರ

ಮೊದಲ ಫೋಟೋದಲ್ಲಿರೋದು ಸುಟ್ಟ ಹಪ್ಪಳ ಅಲ್ಲ ಕಣ್ರೋ, ನಮ್ಮ ದೊಡ್ಡಪ್ಪನ ಸಿಪಾನಿ ಡಾಲ್ಫಿನ್‌ನ ಹಿಂದಿನ ಎಡಗಡೆ ಚಕ್ರ.

ಹೊಸಬರಿಗೆ ಎರಡೇ ಮಾತು. ಡಾಲ್ಫಿನ್ ಅಂದ್ರೆ 1982ರಲ್ಲಿ ಬಂದ, ನಮ್ಮ ಬೆಂಗಳೂರಿನ ಕಂಪನಿಯ ಎರಡು ಬಾಗಿಲ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಫೈಬರ್‌ಗ್ಲಾಸ್ ಬಾಡಿ. ಹಗುರ ಇದ್ದಿದ್ರಿಂದ ಆಗಿನ ರ‍್ಯಾಲಿ, ರೇಸ್ ಹುಡುಗರಿಗೆ ಅಚ್ಚುಮೆಚ್ಚು. 1983ರ ಕೊನೆಗೆ ಮಾರುತಿ 800 ಬಂತು, ಆಮೇಲಿನ ಕತೆ ನಿಮಗೇ ಗೊತ್ತು. ಇದನ್ನ ಸ್ಪೋರ್ಟ್ಸ್ ಕಾರ್ ಅಂದ್ರೆ ನಗೋರು ನಗಲಿ. ನಮ್ಮ ಕೈಗೆ ಎಟುಕಿದ್ದು ಇದೇ.

ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ನಮ್ಮ ಕೊಟ್ಟಿಗೆ ಪಕ್ಕ ವರ್ಷಗಟ್ಟಲೆ ನಿಂತಿತ್ತು. ಫೈಬರ್ ಬಾಡಿಗೆ ತುಕ್ಕೇ ಹಿಡಿಯಲ್ಲ, ತೊಳೆದ್ರೆ ಫಳಫಳ. ಅದನ್ನ ನೋಡಿ ಮೋಸ ಹೋಗ್ಬೇಡಿ. ಚಾಸಿಸ್ಸು, ಚಕ್ರ ಎರಡೂ ಉಕ್ಕು. ಗಾಳಿ ಹೋದ ಟೈರು, ಕೆಳಗೆ ಒದ್ದೆ ಮಣ್ಣು, ಮೇಲೆ ಹಸುವಿನ ಗಂಜಲ. ಗಂಜಲದ ಉಪ್ಪು ಉಕ್ಕನ್ನ ಬಿಡುತ್ತಾ?

"ಬಣ್ಣ ಹೊಡ್ದು ಹಾಕ್ಬುಡು ಮಗ, ಯಾವನ್ಗೆ ಗೊತ್ತಾಯ್ತದೆ" ಅಂದ್ರು ದೊಡ್ಡಪ್ಪ. ಗೊತ್ತಾಗೋದು ಘಾಟಿ ರಸ್ತೆ ತಿರುವಿನಲ್ಲಿ, ದೊಡ್ಡಪ್ಪಾ! ಚಕ್ರ ಮುರಿದ್ರೆ ಒಳಗಿರೋರು ನಾವೇ ತಾನೇ?

ಟೈರ್ ಬಿಚ್ಚದೆ ಯಾವ ತೀರ್ಮಾನಕ್ಕೂ ಬರ್ಬೇಡಿ. ಹೊರಮುಖದ ತುಕ್ಕು ಬರೀ ನೋಟಕ್ಕೆ ಕೆಟ್ಟದು. ನಿಜವಾದ ಹಾನಿ ಒಳಗೆ, ಟೈರಿನ ಅಂಚು ರಿಮ್ ಮೇಲೆ ಕೂರೋ ಜಾಗದಲ್ಲಿ. ಅಲ್ಲಿ ಗುಳಿ ಬಿದ್ದಿದ್ರೆ ಟ್ಯೂಬ್‌ಲೆಸ್ ಟೈರಲ್ಲಿ ಗಾಳಿ ಸೋರುತ್ತೆ, ಟ್ಯೂಬ್ ಇದ್ರೆ ತುಕ್ಕಿನ ಚಕ್ಕೆ ಅದನ್ನ ಉಜ್ಜಿ ಉಜ್ಜಿ ತೂತು ಮಾಡುತ್ತೆ. ಎರಡನೇ ಜಾಗ, ನಟ್ ಕೂರೋ ತೂತಿನ ಸುತ್ತ. ಕಾರಿನ ಭಾರ, ಬ್ರೇಕಿನ ಎಳೆತ ಎಲ್ಲಾ ಅಲ್ಲೇ ಹಾದುಹೋಗೋದು. ಅಲ್ಲಿ ಕೂದಲೆಳೆ ಬಿರುಕಿದ್ರೂ ಆ ಚಕ್ರ ಗುಜರಿಗೆ. ವೆಲ್ಡಿಂಗ್ ಮಾಡಿಸ್ಕೊಡ್ತೀನಿ ಅನ್ನೋರು ಸಿಗ್ತಾರೆ, ಕೈಮುಗಿದು ಬನ್ನಿ.

ನಾಲ್ಕನ್ನೂ ಸ್ಯಾಂಡ್ ಬ್ಲಾಸ್ಟಿಂಗ್‌ಗೆ ದೊಡ್ಡಬಳ್ಳಾಪುರಕ್ಕೆ ಒಯ್ದೆ. ತುಕ್ಕು ಹೋದ್ಮೇಲೆ ಉಕ್ಕು ಸುಳ್ಳು ಹೇಳಲ್ಲ. ಎರಡು ಗಟ್ಟಿ. ಒಂದರಲ್ಲಿ ಸಣ್ಣ ಗುಳಿಗಳು, ಸ್ಟೆಪ್ನಿಗೂ ಬೇಡ ಅಂತ ನನ್ನ ವಾದ, ದೊಡ್ಡಪ್ಪ ಇನ್ನೂ ಒಪ್ಪಿಲ್ಲ. ಹಪ್ಪಳದ ಚಕ್ರದಲ್ಲಂತೂ ಬೆಳಕು ಆಚೆಯಿಂದ ಈಚೆಗೆ ಬಂತು (ಐದನೇ ಫೋಟೋ).

ಗಟ್ಟಿ ಇದ್ದ ಎರಡಕ್ಕೆ ಅವತ್ತೇ ಎಪಾಕ್ಸಿ ಪ್ರೈಮರ್ ಹೊಡೆಸಿದೆ. ಬೆತ್ತಲೆ ಉಕ್ಕನ್ನ ರಾತ್ರಿಯಿಡೀ ಬಿಟ್ರೆ ತೇವಕ್ಕೆ ಮತ್ತೆ ಕೆಂಪಾಗುತ್ತೆ. ನಟ್ ಕೂರೋ ಕಡೆ, ಡ್ರಮ್ಮಿಗೆ ತಾಗೋ ಮುಖಕ್ಕೆ ಮಾತ್ರ ದಪ್ಪ ಬಣ್ಣ ಬೇಡ ಅಂದೆ. ಓಡ್ತಾ ಓಡ್ತಾ ಆ ಪದರ ಅದುಮಿಕೊಂಡು ನಟ್ ಸಡಿಲ ಆಗುತ್ತೆ. ಹಾಕಿದ್ಮೇಲೂ ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕು.

ಈಗ ಕಾರು ಹಿಂದೆ ಇಟ್ಟಿಗೆ ಮೇಲೆ, ಮುಂದೆ ಚಕ್ರದ ಮೇಲೆ ನಿಂತಿದೆ. ನಿಮ್ಮ ತಾತನೋ ಮಾವನೋ ಹಿತ್ತಲಲ್ಲಿ ಹಳೇ ಡಾಲ್ಫಿನ್ ಚಕ್ರ ಬಿಸಾಕಿದ್ರೆ ಡಿಎಂ ಮಾಡಿ. ಎರಡು ಬೇಕು. ಟೈರ್ ಬಿಚ್ಚಿ ತೆಗೆದ ಫೋಟೋನೇ ಕಳಿಸಿ, ಪ್ಲೀಸ್.