ರೈಲುನಿಲ್ದಾಣದ ಸುತ್ತ ಬೆಳೆದ ಊರುಗಳು

ನಮ್ಮ ಹಿರಿಯರು ಊರು ಕಟ್ಟುವಾಗ ಮೊದಲು ನೀರನ್ನು ನೋಡುತ್ತಿದ್ದರು. ಕೆರೆಯೊಂದಿದ್ದರೆ ಅದರ ಏರಿಯ ಕೆಳಗೆ ಗದ್ದೆ, ಗದ್ದೆಯ ಮಗ್ಗುಲಿಗೆ ಬೀದಿ, ಬೀದಿಯ ತಲೆಯಲ್ಲಿ ದೇವಸ್ಥಾನ, ಇಷ್ಟಾದರೆ ಊರಾಯಿತು. ಕೋಟೆಯ ಆಶ್ರಯದಲ್ಲಿ ಪೇಟೆಗಳು ಬೆಳೆದುದುಂಟು. ಮಠದ ಸುತ್ತ, ಸಂತೆಯ ಮಾಳದ ಸುತ್ತ ಬೆಳೆದುದೂ ಉಂಟು. ಆದರೆ ರೈಲುನಿಲ್ದಾಣವನ್ನು ನಡುವೆ ಇಟ್ಟುಕೊಂಡು, ಅದಕ್ಕೆ ನಡೆದು ಹೋಗಬಹುದಾದ ದೂರವನ್ನೇ ಎಲ್ಲೆಯಾಗಿ ಮಾಡಿಕೊಂಡು ಊರು ಕಟ್ಟತಕ್ಕ ವಿದ್ಯೆ ಈಚಿನದು. ಇದನ್ನು ಕಣ್ಣಾರೆ ನೋಡಬೇಕೆಂಬ ಆಸೆಯುಳ್ಳವರು ಮುಂಬಯಿಗೆ ಹೋಗಬೇಕು. ಅಲ್ಲಿ ಲೋಕಲ್ ಗಾಡಿಯಲ್ಲಿ ಒಂದು ದಿನ ಸುತ್ತಾಡಿದರೆ ಈ ವಿದ್ಯೆಯಿಂದಾದ ಒಳಿತನ್ನೂ, ಇದನ್ನು ಮರೆತುದರಿಂದಾದ ಕೇಡನ್ನೂ ನೋಡಿಕೊಂಡು ಬರಬಹುದು. ನಾವು ಹೋದುದು ಅದಕ್ಕಾಗಿಯೇ.

ಮುಂಬಯಿಯ ನೆಲವು ಸಮುದ್ರದೊಳಕ್ಕೆ ಚಾಚಿದ ಸಪುರವಾದ ನಾಲಗೆಯಂತಿದೆ. ದಕ್ಷಿಣದ ತುದಿಯಲ್ಲಿ ಕಚೇರಿಗಳೂ ಬಂದರೂ. ಉತ್ತರಕ್ಕೆ ಹೋದಂತೆಲ್ಲ ವಾಸದ ಮನೆಗಳು. ಇಂಥ ನೆಲಕ್ಕೆ ರೈಲು ಹೇಳಿ ಮಾಡಿಸಿದಂತಹ ವಾಹನ. 1853ನೆಯ ಇಸವಿ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಯವರೆಗಿನ 21 ಮೈಲಿಗಳನ್ನು ನಮ್ಮ ದೇಶದ ಮೊದಲನೆಯ ಪ್ರಯಾಣಿಕರ ಗಾಡಿ ಕ್ರಮಿಸಿತು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ ವಿದ್ಯುತ್ತಿನ ಗಾಡಿ ಓಡತೊಡಗಿತು. ಇಂದು ಈ ಲೋಕಲ್ ಗಾಡಿಗಳು ದಿನವೊಂದಕ್ಕೆ 60–70 ಲಕ್ಷ ಜನರನ್ನು ಹೊತ್ತು ತಿರುಗುತ್ತವೆ. ಆದುದರಿಂದಲೇ ಅಲ್ಲಿಯ ಗೃಹಸ್ಥನು ಮನೆ ನೋಡಲು ಹೋದರೆ, ನಮ್ಮಲ್ಲಿ ಕೇಳುವಂತೆ ಬಾಗಿಲು ಯಾವ ದಿಕ್ಕಿಗಿದೆ, ನೀರು ಎಷ್ಟು ಹೊತ್ತು ಬರುತ್ತದೆ ಎಂದು ಮೊದಲು ಕೇಳುವುದಿಲ್ಲ, “ಸ್ಟೇಷನ್ನಿಗೆ ನಡೆದರೆ ಎಷ್ಟು ನಿಮಿಷ?” ಎಂದು ಕೇಳುತ್ತಾನೆ. ಹತ್ತು ನಿಮಿಷವೆಂದರೆ ಬಾಡಿಗೆ ಒಂದು ಬಗೆ, ಇಪ್ಪತ್ತೆಂದರೆ ಮತ್ತೊಂದು ಬಗೆ.

ಈ ಹತ್ತು ನಿಮಿಷದ ಊರಿನ ಹಳೆಯ ಮಾದರಿಯನ್ನು ನೋಡಬೇಕಾದರೆ ಮಾಟುಂಗಕ್ಕೆ ಹೋಗಬೇಕು. ಕನ್ನಡಿಗರಿಗೆ ಅದು ಪರಊರೆಂದು ತೋರುವುದೇ ಇಲ್ಲ. ಬೀದಿಯಲ್ಲಿ ಮಲ್ಲಿಗೆಯ ದಂಡೆ, ಬಾಳೆಯೆಲೆ, ವೀಳ್ಯದೆಲೆ; ನಿಲ್ದಾಣದ ಆಸುಪಾಸಿನಲ್ಲಿ ಉಡುಪಿಯವರ ಊಟದ ಮನೆಗಳು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ಮನೆ ರೈಲುದಾರಿಯ ಮೂಡಣ ಮಗ್ಗುಲಲ್ಲಿದೆ. ಕರ್ನಾಟಕ ಸಂಘವೂ ವಿಶ್ವೇಶ್ವರಯ್ಯನವರ ಹೆಸರಿನ ಅದರ ಸಭಾಮಂದಿರವೂ ಪಡುವಣ ಮಗ್ಗುಲಲ್ಲಿವೆ. ಸಂಜೆ ಕಚೇರಿಯಿಂದ ಬಂದವರು ಗಾಡಿಯಿಂದಿಳಿದು, ನಡೆದೇ ಹೋಗಿ, ಒಂದು ಕನ್ನಡ ನಾಟಕವನ್ನು ನೋಡಿ, ನಡೆದೇ ಮನೆಗೆ ಸೇರಬಹುದಾದುದರಿಂದ ಅಲ್ಲಿ ನಾಟಕ ಉಳಿದುಕೊಂಡಿದೆ ಎಂದು ನಮ್ಮ ಅಭಿಪ್ರಾಯ.

ಈ ಬಡಾವಣೆ ಹುಟ್ಟಿದ ಕಥೆ ಬೆಂಗಳೂರಿನವರಿಗೆ ಪರಿಚಿತವಾದುದೇ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಹಳೆಯ ಓಣಿಗಳನ್ನು ಬಿಡಿಸಿ ಗಾಳಿ ಬೆಳಕಿನ ಹೊಸ ನೆಲಕ್ಕೆ ಜನರನ್ನು ಕರೆದೊಯ್ಯಬೇಕೆಂದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬುದನ್ನು ಸ್ಥಾಪಿಸಿದರು. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದು, ಮಲ್ಲೇಶ್ವರ, ಬಸವನಗುಡಿಗಳು ಬೆಳೆದುದನ್ನು ವಾಚಕರು ಬಲ್ಲರು. (ಆ ಕಾಲದಲ್ಲಿ ಪ್ಲೇಗಮ್ಮನಿಗೆ ಗುಡಿ ಕಟ್ಟಿದವರೂ ನಮ್ಮವರೇ, ಹೊಸ ಬಡಾವಣೆಗಳನ್ನು ಕಂಡರೆ ಆ ತಾಯಿ ಸ್ವಲ್ಪಮಟ್ಟಿಗೆ ಪೂಜೆಗೆ ಅರ್ಹಳೇ ಎನ್ನಬೇಕು.) ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮಲ್ಲೇಶ್ವರಕ್ಕೆ ರೈಲುನಿಲ್ದಾಣ ಇದ್ದರೂ ಜನರ ನಿತ್ಯದ ಬಾಳಿಗೆ ಅದು ಅಂಚಾಗಿಯೇ ಉಳಿಯಿತು. ದಾದರ, ಮಾಟುಂಗಗಳಲ್ಲಿಯಾದರೋ ನಿಲ್ದಾಣವೇ ಬಾಳಿನ ಹೆಬ್ಬಾಗಿಲಾಯಿತು. ಒಂಟಿಮನೆಗಳಿಗೆ ಬದಲಾಗಿ ಮೂರು ನಾಲ್ಕು ಅಂತಸ್ತಿನ ಮನೆಗಳು; ಒಂದೊಂದು ಸಂಸಾರಕ್ಕೂ ಬೇರೆ ಅಡುಗೆಮನೆ, ಬೇರೆ ಬಚ್ಚಲು; ನಡುವೆ ಅಗಲವಾದ ಬೀದಿ, ಅಲ್ಲಲ್ಲಿ ತೋಟ. ಅಷ್ಟೆತ್ತರದ ಮನೆಗಳಿದ್ದುದರಿಂದ ನಿಲ್ದಾಣದ ಅರ್ಧ ಮೈಲಿಯೊಳಗೆ ಸಾವಿರಾರು ಗುಮಾಸ್ತರ ಸಂಸಾರಗಳು ಹಿಡಿದವು; ಅಗಲವಾದ ಬೀದಿಗಳಿದ್ದುದರಿಂದ ಅವರು ಒಬ್ಬರನ್ನೊಬ್ಬರು ತಳ್ಳದೆ ನಡೆದರು.

ಮಾಟುಂಗದಿಂದ ದಕ್ಷಿಣಕ್ಕೆ ದಾದರವನ್ನು ದಾಟಿದೊಡನೆ ಪರೇಲು. ಇಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲವಾದರೂ ಇಲ್ಲಿ ನಡೆದುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಇದು ಹತ್ತಿಗಿರಣಿಗಳ ಬೀಡು. ಕೂಲಿಕಾರನು ಗಿರಣಿಯ ಮಗ್ಗುಲ ಚಾಳದಲ್ಲಿದ್ದು ನಡೆದೇ ಕೆಲಸಕ್ಕೆ ಹೋಗುತ್ತಿದ್ದನು. ಆದುದರಿಂದ ಇಲ್ಲಿಯ ನಿಲ್ದಾಣಗಳೂ ಅವುಗಳ ಸೇತುವೆಗಳೂ ಚಿಕ್ಕವಾಗಿದ್ದುವು. 1982ರ ಜನವರಿಯಲ್ಲಿ ಗಿರಣಿಯವರ ದೊಡ್ಡ ಮುಷ್ಕರ ಮೊದಲಾಯಿತು. ಬಹುಮಟ್ಟಿಗೆ ಗಿರಣಿಗಳು ಮತ್ತೆ ತಲೆಯೆತ್ತಲಿಲ್ಲ. 1991ರ ನಿಯಮವೊಂದರಂತೆ ಗಿರಣಿಯ ನೆಲವನ್ನು ಮೂರು ಪಾಲು ಮಾಡಿ, ಒಂದು ಪಾಲು ನಗರದ ತೋಟ ಬಯಲುಗಳಿಗೆ, ಒಂದು ಪಾಲು ಸಾಮಾನ್ಯರ ಮನೆಗಳಿಗೆ, ಒಂದು ಪಾಲು ಒಡೆಯರಿಗೆ ಎಂದಿತ್ತು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಬರಿಯ ಬಯಲನ್ನು ಮಾತ್ರ ಹಂಚಬೇಕೆಂದರು. ಹಂಚತಕ್ಕದ್ದು ಕಿರಿದಾಯಿತು, ಗಗನಚುಂಬಿಗಳಾದ ಕಚೇರಿಗಳು ಎದ್ದುವು. ದೂರದ ಉಪನಗರಗಳಿಂದ ಗಾಡಿಯೇರಿ ಬರುವ ಲಕ್ಷಾಂತರ ಜನ ಹಳೆಯ ಕಾಲ್ಸೇತುವೆಗಳ ಮೇಲೆ ಇಳಿಯತೊಡಗಿದರು. 2017ರ ಸೆಪ್ಟೆಂಬರ್ 29, ಮಹಾನವಮಿ. ಬೆಳಗಿನ ಹೊತ್ತು ಮಳೆ ಬಂದಿತು. ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯ ಮೇಲೆ ನೂಕುನುಗ್ಗಲಾಗಿ 23 ಜನ ಪ್ರಾಣ ಬಿಟ್ಟರು. ಮರುವರ್ಷದ ಫೆಬ್ರವರಿಯಲ್ಲಿ ಸೈನ್ಯದವರು ಕಟ್ಟಿಕೊಟ್ಟ ಹೊಸ ಸೇತುವೆ ತೆರೆಯಿತು. ನಿಲ್ದಾಣದ ಹೆಸರೂ ಪ್ರಭಾದೇವಿ ಎಂದಾಯಿತು. ಅಷ್ಟೊಂದು ಅಂತಸ್ತುಗಳಿಗೆ ಅಪ್ಪಣೆ ಕೊಟ್ಟವರು ಮೆಟ್ಟಿಲುಗಳನ್ನು ಎಣಿಸಿದ್ದರೆ ಆ ಇಪ್ಪತ್ತಮೂರು ಮನೆಗಳಲ್ಲಿ ಮರುದಿನ ಹಬ್ಬ ನಡೆಯುತ್ತಿತ್ತು.

ತರುವಾಯ ನಾವು ಕುರ್ಲಾದಲ್ಲಿ ಗಾಡಿ ಬದಲಾಯಿಸಿ, ಚೆಂಬೂರು, ಗೋವಂಡಿ, ಮಾನಖುರ್ದಗಳನ್ನು ದಾಟಿ, ಠಾಣೆಯ ಕೊಲ್ಲಿಯ ದೊಡ್ಡ ಸೇತುವೆಯನ್ನೇರಿದೆವು. ಚಳಿಗಾಲದಲ್ಲಿ ಈ ಕೊಲ್ಲಿಯ ಕೆಸರಿನಲ್ಲಿ ರಾಜಹಂಸಗಳ ಗುಲಾಬಿ ಬಣ್ಣದ ಹಿಂಡುಗಳು ನಿಲ್ಲುತ್ತವೆ. ಗಾಡಿಯ ಬಾಗಿಲಲ್ಲಿ ತಂಗಾಳಿ ಮೈಗೆ ಬಡಿಯುತ್ತದೆ. ಅಷ್ಟರವರೆಗೆ ಒತ್ತಿಕೊಂಡು ನಿಂತಿದ್ದವರೆಲ್ಲ ಒಂದು ಕ್ಷಣ ಸುಮ್ಮನಾಗಿ ಹೊರಗೆ ನೋಡುತ್ತಾರೆ. ಸೇತುವೆ ಮುಗಿದರೆ ವಾಶಿ. ನವಿ ಮುಂಬಯಿ ಅಲ್ಲಿಂದ ಮೊದಲು.

ಹಳೆಯ ಮುಂಬಯಿ ಉದ್ದುದ್ದಕ್ಕೆ ಬೆಳೆದು ಉಸಿರುಗಟ್ಟುತ್ತಿದೆ, ಕೊಲ್ಲಿಯ ಆಚೆಗೆ ಅಡ್ಡಲಾಗಿ ಬೆಳೆಯಬೇಕು ಎಂದು 1960ರ ದಶಕದ ನಡುವಿನಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ ಪಟೇಲ್ ಎಂಬ ಮೂವರು ಸಲಹೆಯಿತ್ತರು. 1970ರಲ್ಲಿ ಸಿಡ್ಕೊ ಎಂಬ ಸರಕಾರಿ ಸಂಸ್ಥೆಯನ್ನು ನೇಮಿಸಿ, 95 ಹಳ್ಳಿಗಳ ಸುಮಾರು 344 ಚದರ ಕಿಲೋಮೀಟರು ನೆಲವನ್ನು ಅದರ ಯೋಜನೆಗೆ ಒಳಪಡಿಸಿದರು. ಒಂದೇ ದೊಡ್ಡ ಊರಾಗಿ ಕಟ್ಟದೆ, ರೈಲುದಾರಿಯೆಂಬ ದಾರದಲ್ಲಿ ಪೋಣಿಸಿದ ಮಣಿಗಳಂತೆ ಹದಿನಾಲ್ಕು ಉಪನಗರಗಳಾಗಿ ಕಟ್ಟಬೇಕೆಂಬುದು ಅವರ ಸಂಕಲ್ಪ. ಸರಕಾರದ ಮುಖ್ಯ ಕಚೇರಿಗಳು ಕೊಲ್ಲಿಯನ್ನು ದಾಟಿ ಬರುವುವೆಂದು ನಂಬಿದ್ದರು, ಅವು ಬರಲಿಲ್ಲ. ರೈಲೂ ತಡವಾಯಿತು. 1992ರ ಮೇ ತಿಂಗಳಲ್ಲಿ ವಾಶಿಗೆ, ಮರುವರ್ಷ ಬೇಲಾಪುರಕ್ಕೆ, 1998ರಲ್ಲಿ ಪನವೇಲಿಗೆ ಗಾಡಿ ಬಂದಿತು. ಅಂದರೆ ಮೊದಲು ಬಂದು ನೆಲೆಸಿದವರು ಇಪ್ಪತ್ತು ವರ್ಷ ಬಸ್ಸನ್ನೇ ಕಾದರು.

ಈ ರೈಲುದಾರಿಯ ಖರ್ಚಿನ ಲೆಕ್ಕ ಗೃಹಸ್ಥರು ತಿಳಿಯಬೇಕಾದುದು. ಖರ್ಚಿನಲ್ಲಿ ನೂರಕ್ಕೆ 67 ಪಾಲನ್ನು ಸಿಡ್ಕೊ ಹೊತ್ತಿತು. 33 ಪಾಲನ್ನು ರೈಲ್ವೆ. ರೈಲು ಬಂದರೆ ನೆಲದ ಬೆಲೆ ಏರುವುದು ಸಹಜ. ಆ ಏರಿಕೆ ಬೇರೆಯವರ ಜೇಬಿಗೆ ಹೋಗದೆ ರೈಲಿನ ಖರ್ಚಿಗೇ ಒದಗಲೆಂದು, ನೆಲದ ಒಡೆತನವಿದ್ದ ಸಂಸ್ಥೆಯೇ ರೈಲಿಗೂ ಹಣ ಕೊಟ್ಟು, ನಿಲ್ದಾಣಗಳ ಮೇಲೆ ಕಚೇರಿಗಳನ್ನು ಕಟ್ಟಿ, ಸುತ್ತಣ ನಿವೇಶನಗಳನ್ನು ಮಾರಿ, ಹಣವನ್ನು ಹಿಂದಕ್ಕೆ ಪಡೆಯಿತು. ಈ ಯುಕ್ತಿ ಜಪಾನಿನಲ್ಲಿ ಹಳೆಯದು. 1910ರಲ್ಲಿಯೇ ಒಸಾಕದ ಬಳಿ ಕೊಬಯಾಶಿ ಇಚಿಜೋ ಎಂಬಾತನು ಹೊಲಗಳ ನಡುವೆ ವಿದ್ಯುತ್ ರೈಲನ್ನು ಹಾಕಿ, ದಾರಿಯ ಪಕ್ಕದಲ್ಲಿ ಮನೆಗಳನ್ನು ಕಟ್ಟಿಸಿ, ಕಂತಿನ ಮೇಲೆ ನೌಕರಿಯವರಿಗೆ ಮಾರಿದನು. ಮನೆ ಕೊಂಡವನು ತಾನಾಗಿಯೇ ಗಾಡಿಯ ನಿತ್ಯದ ಗಿರಾಕಿಯಾದನು!

ಆದರೆ ನೆಲ ಯಾರದಾಗಿತ್ತು? ಕೊಲ್ಲಿಯ ಅಂಚಿನ ಗದ್ದೆಯ ರೈತರದು, ಉಪ್ಪಿನ ಮಡಿಗಳವರದು, ಮೀನುಗಾರರದು. ಪರಿಹಾರ ಸಾಲದೆಂದು ಅವರು ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಹೋರಾಡಿದರು. 1984ರ ಜನವರಿಯಲ್ಲಿ ಗೋಲಿಬಾರಾಗಿ ಐವರು ಸತ್ತರು. ಕಳೆದುಕೊಂಡ ನೆಲದ ಹನ್ನೆರಡೂವರೆ ಪಾಲಿನಷ್ಟನ್ನು ನೂರರ ಲೆಕ್ಕದಲ್ಲಿ ಬಡಾವಣೆಯಾದ ನಿವೇಶನವಾಗಿ ಹಿಂದಕ್ಕೆ ಕೊಡತಕ್ಕ ಪದ್ಧತಿ ಬಂದುದು ಈ ಹೋರಾಟದ ಫಲವಾಗಿ. ಇಂದಿಗೂ ಎತ್ತರದ ಕಟ್ಟಡಗಳ ನಡುವೆ ಹಳೆಯ ಗಾವಠಾಣದ ಇಕ್ಕಟ್ಟಾದ ಓಣಿಗಳು ಹಾಗೆಯೇ ಉಳಿದಿವೆ.

ವಾಶಿಯ ನಿಲ್ದಾಣ ನೋಡತಕ್ಕದ್ದೇ. ಮೇಲೆ ಹಲವು ಅಂತಸ್ತುಗಳ ಕಚೇರಿ, ಅಡಿಯಲ್ಲಿ ಗಾಡಿ. ಹಳಿಯ ಕೆಳಗಣ ಸುರಂಗದಾರಿಯಿಂದ ಎರಡು ಕಡೆಗೂ ಹೋಗಬಹುದು. ಹಳಿಯ ಮೇಲೆ ದಾಟಬೇಕಾದ ಪ್ರಸಂಗವನ್ನೇ ತಪ್ಪಿಸಿದುದು ಸಣ್ಣ ಉಪಕಾರವಲ್ಲ. ಹಳಿ ದಾಟಿ, ಗಾಡಿಯಿಂದ ಬಿದ್ದು, 2023ರೊಂದರಲ್ಲಿಯೇ ಮುಂಬಯಿಯ ಲೋಕಲ್ ದಾರಿಗಳಲ್ಲಿ ಎರಡು ಸಾವಿರಕ್ಕೂ ಮೀರಿ ಜನ ಸತ್ತರು. ಆದರೆ ಹೊರಗೆ ಬಂದರೆ ನಿರಾಶೆಯಾಗುತ್ತದೆ. ನಿಲ್ದಾಣದ ಮುಂದಣ ವಿಸ್ತಾರವಾದ ನೆಲ ಮೋಟಾರುಗಳಿಗೂ ಸ್ಕೂಟರುಗಳಿಗೂ ಮೀಸಲಾಗಿದೆ. ತರಕಾರಿ ಕೊಳ್ಳಬೇಕಾದವರು ಆ ಬಿಸಿಲ ಬಯಲನ್ನು ದಾಟಿಕೊಂಡು ಹೋಗಬೇಕು. ನಕ್ಷೆಯಲ್ಲಿ ಚೆಲುವಾದುದು ಕಾಲಿಗೆ ಚೆಲುವಾಗಬೇಕೆಂಬ ನಿಯಮವಿಲ್ಲವಷ್ಟೆ. ಸಾನಪಾಡ, ಜೂಯಿನಗರಗಳನ್ನು ಬೇಗ ದಾಟಿದೆವು. ಸೀವುಡ್ಸ್ ಎಂಬಲ್ಲಿ ನಿಲ್ದಾಣದ ನೆತ್ತಿಯ ಮೇಲೆಯೇ ದೊಡ್ಡ ಅಂಗಡಿಗಳ ಅರಮನೆ ಎದ್ದಿದೆ, ತಣ್ಣಗಿದೆ, ಹೊಳೆಯುತ್ತಿದೆ, ಒಂದು ಕಟ್ಟು ಕೊತ್ತಂಬರಿಸೊಪ್ಪಿಗಾಗಿ ಯಾರೂ ಅದರೊಳಕ್ಕೆ ಹೋಗಲಾರರು.

ನಮಗೆ ಮನಸ್ಸಿಗೆ ಒಪ್ಪಿದುದು ನೇರೂಳು. ನಿಲ್ದಾಣದಿಂದ ಹೊರಟ ಬೀದಿಯಲ್ಲಿ ಹಾಲು, ಹೂವು, ಪಾಠದ ಪುಸ್ತಕ, ಔಷಧ ಎಲ್ಲವೂ ನಡೆಯುವ ದಾರಿಯಲ್ಲೇ ಸಿಕ್ಕುತ್ತವೆ. ಧಾರವಾಡದ ಕಡೆಯ ಗೃಹಿಣಿಯೊಬ್ಬರು ನಮ್ಮ ಕನ್ನಡವನ್ನು ಕೇಳಿ ತಾವಾಗಿ ಮಾತನಾಡಿಸಿದರು. ಮೊದಲು ನಿಲ್ದಾಣದ ಮಗ್ಗುಲಲ್ಲಿಯೇ ಅವರ ಬಿಡಾರವಿತ್ತಂತೆ. “ಬಾಡಿಗಿ ಏರಿತು ನೋಡ್ರಿ, ಎದ್ದು ದೂರ ಹೋದ್ವಿ. ಆಗ ಬಾಡಿಗಿಗೆ ಕೊಡತಿದ್ದದ್ದು ಈಗ ರಿಕ್ಷಾಕ್ಕ ಕೊಡತೇವಿ. ಮ್ಯಾಲೆ ಮನೆಯವರಿಗೆ ದಿನಾ ಒಂದು ತಾಸು ಹೋತು” ಎಂದರು. ಅವರು ಬಿಟ್ಟ ಮನೆಗೆ ಬಂದವರಿಗೆ ಎರಡು ಮೋಟಾರುಗಳಿವೆಯಂತೆ. ಗಾಡಿ ಹತ್ತುವುದು ಅಪರೂಪವಂತೆ.

ಈ ಮಾತು ನಮ್ಮನ್ನು ಬೇಲಾಪುರದವರೆಗೂ ಕಾಡಿತು. ರೈಲಿನ ಅವಶ್ಯಕತೆ ಯಾರಿಗೆ ಹೆಚ್ಚೋ ಅವರೇ ನಿಲ್ದಾಣದಿಂದ ದೂರಕ್ಕೆ ತಳ್ಳಲ್ಪಡುತ್ತಾರೆ. ನೆಲದ ಬೆಲೆಯಿಂದಲೇ ರೈಲಿನ ಖರ್ಚು ಹುಟ್ಟಬೇಕೆಂದ ಮೇಲೆ ಬೆಲೆ ಏರುವುದು ಯೋಜಕರಿಗೂ ಬೇಕಾದುದೇ. 2017ರಲ್ಲಿ ಕೇಂದ್ರ ಸರಕಾರವು ಈ ವಿಷಯವಾಗಿ ಒಂದು ನೀತಿಯನ್ನು ಪ್ರಕಟಿಸಿತು. ನಿಲ್ದಾಣದ ಸುತ್ತ 500ರಿಂದ 800 ಮೀಟರುಗಳೊಳಗೆ ಕಟ್ಟಡಗಳನ್ನು ಎತ್ತರಿಸಬಹುದು, ಕಾಲುದಾರಿಗಳು ಉತ್ತಮವಾಗಬೇಕು, ಕಡಿಮೆ ವರಮಾನದವರ ಮನೆಗಳಿಗೂ ಪಾಲಿರಬೇಕು ಎಂದು ಅದರಲ್ಲಿದೆ. ಕೊನೆಯ ಮಾತನ್ನು ಮೊದಲು ಬರೆದಿದ್ದರೆ ಚೆನ್ನಾಗಿತ್ತು. ಸಣ್ಣ ಮನೆಗಳ ಪಾಲನ್ನು ನೆಲದ ಬೆಲೆ ಏರುವುದಕ್ಕೆ ಮುಂಚೆಯೇ ಗೆರೆ ಎಳೆದು ಇಡಬೇಕು. ಏರಿದ ಮೇಲೆ ಯಾವ ಅಧಿಕಾರಿಗೂ ಆ ಧೈರ್ಯ ಬರಲಾರದು.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವುಂಟು. ಬೆಂಗಳೂರಿಗೂ ಉಪನಗರ ರೈಲು ಬರಲಿದೆ. 2020ರ ಅಕ್ಟೋಬರಿನಲ್ಲಿ ಒಪ್ಪಿಗೆಯಾಗಿ, 2022ರ ಜೂನಿನಲ್ಲಿ ಅಡಿಗಲ್ಲು ಬಿದ್ದ ಈ ಯೋಜನೆಯಲ್ಲಿ 148 ಕಿಲೋಮೀಟರು ದಾರಿ, ನಾಲ್ಕು ಕವಲು. ಹೆಸರುಗಳು ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಕೆಲಸ ಇನ್ನೂ ಮುಗಿದಿಲ್ಲ. ಮುಗಿಯದಿರುವುದರಿಂದಲೇ ಚಿಕ್ಕಬಾಣಾವರ, ಹೀಲಲಿಗೆ, ರಾಜಾನುಕುಂಟೆಗಳಂಥ ಕಡೆ ಕಾಲುದಾರಿಗೂ ಸಂತೆಗೂ ಸಣ್ಣ ಮನೆಗಳಿಗೂ ನೆಲವನ್ನು ಗುರುತು ಮಾಡಿಡಲು ಇನ್ನೂ ಕಾಲವಿದೆ. ಸಿಡ್ಕೊವಿಗೆ ಇದ್ದಂತೆ ಇಲ್ಲಿ ನೆಲವೆಲ್ಲ ಒಬ್ಬರ ಕೈಯಲ್ಲಿಲ್ಲ. ಆದಕಾರಣ ಕೆಲಸ ಹೆಚ್ಚು ಕಷ್ಟ. ಹೊಸ ನಿಲ್ದಾಣದ ಬಳಿ ನಿವೇಶನವನ್ನು ನೋಡಲು ಹೋಗುವ ವಾಚಕರು ಮಾರುವವನ ನಕ್ಷೆಯನ್ನು ಮಡಿಸಿಟ್ಟು, ಮನೆಯಿಂದ ನಿಲ್ದಾಣದ ಜಾಗದವರೆಗೆ ಮಳೆಗಾಲದ ಒಂದು ಸಂಜೆ, ಕೈಯಲ್ಲಿ ಚೀಲ ಹಿಡಿದು, ಮಗುವನ್ನು ನಡೆಸಿಕೊಂಡು ಹೋಗಿ ನೋಡುವುದು ಲೇಸು.

ಮುಂಬಯಿಗೆ ಹೋಗುವವರಿಗೆ ಇನ್ನೊಂದು ಮಾತು. ಬೆಳಗಿನ ಹನ್ನೊಂದು ಗಂಟೆಯಾಗುವವರೆಗೆ ಲೋಕಲ್ ಗಾಡಿಯ ಗೊಡವೆ ಬೇಡ. ಮಾಟುಂಗದಲ್ಲಿ ಊಟ ಮುಗಿಸಿ, ಕುರ್ಲಾದಲ್ಲಿ ಪನವೇಲಿನ ಗಾಡಿಯನ್ನು ಹಿಡಿಯಬೇಕು; ಸಂಜೆ ಐದಕ್ಕೆ ಮೊದಲು ಹಿಂದಿರುಗಿದರೆ ಕಿಟಕಿಯ ಪಕ್ಕದಲ್ಲಿ ಕುಳಿತು ಕೊಲ್ಲಿಯನ್ನು ನೋಡಿಕೊಂಡು ಬರಬಹುದು.